ಕೊನೆಯ ಗಾಡಿ

ನನಗೆ ಕೊಟ್ಟ ಕೆಲಸ ಇಷ್ಟು:
ಹೊಸಂಗಡಿಯಿಂದ ಮಾಸ್ತಿಕಟ್ಟೆವರೆಗೆ
ಎಲ್ಲರಿಗಿಂತ ಹಿಂದೆ ಬರಬೇಕು.
ಕೈಚೆಲ್ಲಿದವರನ್ನು ಸೈಕಲ್ ಸಮೇತ
ಲಗೇಜ್ ಆಟೋಗೆ ಹತ್ತಿಸಿಕೊಳ್ಳಬೇಕು.
ದಿನಕ್ಕೆ ಎರಡು ಸಾವಿರ, ಡೀಸೆಲ್ ಅವರದೇ.
ನಿನ್ನೆ ಬಾಳೆಗೊನೆ ಹೇರಿದ ಗಾಡಿ,
ತೊಳೆದರೂ ಹೋಗಿರಲಿಲ್ಲ ಗೊನೆಯ ಸೊನೆಯ ಕಲೆ.

ಮೂರು ವರ್ಷದ ಹಿಂದೆ ಮೊದಲ ಸಲ ರೇಸು ಬಂದಾಗ
ಘಟ್ಟದಲ್ಲಿ ನಾಯಿಯೂ ಎದ್ದು ನೋಡಿರಲಿಲ್ಲ.
ಈಗ ಹುಲಿಕಲ್ಲಿನ ತಿರುವು ತಿರುವಿಗೂ ಜನ.
ಯಡೂರು ಶಾಲೆಯ ಮಕ್ಕಳು, ಅವರ ಪೀಪಿ,
ಪವರ್ ಹೌಸಿನಿಂದ ರಿಟೈರಾದ ಫಿಟ್ಟರ್ ಕೊರಗಪ್ಪ,
ಅವರ ಮಡಚುವ ಕುರ್ಚಿ, ಕೊರಳಲ್ಲಿ ವಿಸಿಲು,
ವಾಸಂತಿಯಕ್ಕನ ಬಾಣಲೆಯಲ್ಲಿ ಗೋಳಿಬಜೆ,
ಪೊಲೀಸರು ತಡೆದು ನಿಲ್ಲಿಸಿದ ಒಂದು ಮದುವೆ ದಿಬ್ಬಣ.

ಏನುಂಟು ಇದರಲ್ಲಿ, ಎಂದು ಕೊರಗಪ್ಪನವರನ್ನು ಕೇಳಿದ್ದೆ.
"ಶಿವಮೊಗ್ಗದ ಬೈಪಾಸಿನಲ್ಲೂ ನೋಡಿದ್ದೇನೆ ಮಾರಾಯ,
ಸುಂಯ್ ಅಂತ ಒಂದು ಗಾಳಿ, ಅಷ್ಟೆ.
ಕಣ್ಣು ಮಿಟುಕಿಸಿದವನಿಗೆ ರೇಸೇ ಇಲ್ಲ.
ಇಲ್ಲಿ ಹಾಗಲ್ಲ.
ಎಂಥ ಶೂರನನ್ನೂ ಈ ಏರು
ನನ್ನ ಮಂಡಿನೋವಿನ ನಡಿಗೆಗೆ ತಂದು ನಿಲ್ಲಿಸುತ್ತದೆ.
ಮೂಗಿನ ತುದಿಯ ಬೆವರು ಕಾಣುತ್ತದೆ,
ಗೊಣಗುವುದು ಬೈಗುಳವೋ ದೇವರ ಹೆಸರೋ ಕೇಳುತ್ತದೆ,
ಹತ್ತು ಹೆಜ್ಜೆ ನಾವೂ ಜೊತೆಗೆ ಹೋಗಬಹುದು.
ಬೇರೆ ಯಾವ ಆಟದಲ್ಲಿ ಉಂಟು ಇದು, ಹೇಳು?"

ಎಂಟನೆಯ ತಿರುವಿಗೆ ನನ್ನ ಗಾಡಿಯಲ್ಲಿ ನಾಲ್ವರಾದರು.
ಒಬ್ಬನಿಗೆ ಮೀನಖಂಡ ಹಿಡಿದಿತ್ತು.
ಇನ್ನೊಬ್ಬ ಸರಪಣಿ ತುಂಡಾದ ಸೈಕಲ್ಲನ್ನು
ಜ್ವರದ ಮಗುವಿನ ಹಾಗೆ ತೊಡೆಯ ಮೇಲೆ ಒರಗಿಸಿಕೊಂಡು
ಯಾರ ಜೊತೆಗೂ ಮಾತಾಡಲಿಲ್ಲ.

ಉಳಿದವಳು ಒಬ್ಬಳು.
ತಿಕೋಟಾ ಕಡೆಯ ಬೋರಮ್ಮ, ಬೆನ್ನ ಮೇಲೆ ಅರವತ್ತೊಂದು.
ದ್ರಾಕ್ಷಿ ತೋಟಗಳ ನಡುವಿನ ಸಪಾಟು ರಸ್ತೆಯಲ್ಲಿ
ಎದುರುಗಾಳಿಯೊಂದೇ ಘಟ್ಟವಾಗಿತ್ತು ಅವಳಿಗೆ, ಇಷ್ಟು ದಿನ.
ಹಾರನ್ ಒತ್ತಲಿಲ್ಲ ನಾನು. ಪಕ್ಕಕ್ಕೆ ಬಂದು ಕೇಳಿದೆ:
"ಹತ್ತುತ್ತೀಯೇನಮ್ಮ? ಇನ್ನೂ ಆರು ತಿರುವು ಉಂಟು."
"ಎಣಿಸಬ್ಯಾಡ್ರಿ ಅಣ್ಣಾರ," ತಿರುಗಿ ನೋಡದೆ ಅಂದಳು,
"ನೀವು ಎಣಿಸಿದ್ರ ನನಗ ಭಾರ ಆಕ್ಕೈತಿ."

ಫಸ್ಟ್ ಗೇರು. ಅದಕ್ಕಿಂತ ಕೆಳಗಿನದು ನನ್ನಲ್ಲಿ ಇಲ್ಲ.
ಇಂಜಿನ್ನು ಕಾದು ಕೆಮ್ಮಿತು, ಅವಳ ಉಸಿರೂ ಹಾಗೇ.
ಮೇಲೆಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು.

ಚಂಡಿಕಾಂಬೆಯ ಗುಡಿ ಬಂತು.
ಇಲ್ಲಿ ಕಾಸು ಹಾಕದೆ ಲಾರಿಯವರು ದಾಟುವುದಿಲ್ಲ.
ಮೊದಲು ಹೋದವರೆಲ್ಲ ಹಾಗೇ ಹೋಗಿದ್ದರು,
ಅವರ ಜೇಬಲ್ಲಿ ಬಾಳೆಹಣ್ಣು ಇತ್ತು, ಕಾಸಿರಲಿಲ್ಲ.
ಬೋರಮ್ಮ ಒಂದು ಕೈ ಬಿಟ್ಟು ಹಣೆ ಮುಟ್ಟಿಕೊಂಡಳು.
ಸೈಕಲ್ಲು ಓಲಾಡಿತು, ನನ್ನೆದೆಯೂ.
ನಾನು ಎರಡು ನಾಣ್ಯ ಎಸೆದೆ.
ಯಾವುದು ಯಾರ ಲೆಕ್ಕಕ್ಕೆಂದು ತಾಯಿಗೆ ಗೊತ್ತು.

ಅವಳು ದಾಟದೆ ರಸ್ತೆ ಬಿಡುವಂತಿಲ್ಲ.
ದಿಬ್ಬಣದ ಮುಹೂರ್ತ ಈಗ ಅವಳ ಕಾಲಲ್ಲಿತ್ತು.
ಮದುಮಗನ ಸೋದರಮಾವ ನನ್ನ ಕಿಟಕಿಗೆ ಬಗ್ಗಿ
"ಹತ್ತಿಸಿಕೊಂಡುಬಿಡಿ ಮಾರಾಯ್ರೆ, ಪುಣ್ಯ ಬರ್ತದೆ" ಅಂದ.
ಅಷ್ಟರಲ್ಲಿ ಮದುಮಗನೇ
ಬಾಸಿಂಗವನ್ನು ತಂಗಿಯ ಕೈಗೆ ಕೊಟ್ಟು
ಪಂಚೆ ಎತ್ತಿ ಕಟ್ಟಿ ಅವಳ ಪಕ್ಕ ಓಡತೊಡಗಿದ್ದ.
"ಹೋಗು, ಹೋಗು, ನಮಗೇನೂ ಅವಸರವಿಲ್ಲ!"
ಅವನ ಹಿಂದೆ ಶಾಲೆ, ಪೀಪಿ, ವಾಸಂತಿಯಕ್ಕನ ಜಾಲರಿ ಸೌಟು,
ಕುರ್ಚಿಯಿಂದೆದ್ದ ಕೊರಗಪ್ಪ, ಕುಂಟುತ್ತ, ಸರಿಯಾಗಿ ಹತ್ತು ಹೆಜ್ಜೆ.
ನನ್ನ ಗಾಡಿಯ ನಾಲ್ವರೂ ಎದ್ದು ನಿಂತು ತಗಡು ಬಡಿದರು,
ಸರಪಣಿ ತುಂಡಾದವನೂ.

ಮಾಸ್ತಿಕಟ್ಟೆಯಲ್ಲಿ ಕಮಾನು ಬಿಚ್ಚುತ್ತಿದ್ದರು.
ಒಂದೇ ಕಂಬ ಉಳಿದಿತ್ತು. ಅದರ ಪಕ್ಕದಲ್ಲೇ ಹಾದಳು.

ಹಾಳೆಯಲ್ಲಿ ಅವಳು ನಲವತ್ತೇಳನೆಯವಳು.
ಮರುದಿನ ನಾನು ಮತ್ತೆ ಬಾಳೆಗೊನೆ ತರಲು ಹೋದೆ.
ಹೇರಿಕೊಂಡು ಏರುವಾಗ, ಎಂಟನೆಯ ತಿರುವಿನಿಂದ ಮೇಲೆ,
ಎಣಿಸಲಿಲ್ಲ.