ಬಟ್ಟೆಯ ಕಲ್ಲು

ಇವತ್ತು ನಾವು ಜನ.
ಹಾಗಂತ ಬೆಳಗ್ಗೆ ಆರಕ್ಕೇ ಹೇಳಿಬಿಟ್ಟರು ಕರಿಬಸಪ್ಪ ಸಾಹೇಬರು:
ಎರಡನೇ ಪ್ಲಟೂನು ಪೊಲೀಸು, ಮೂರನೇದು ಜನ.
ಖಾಕಿ ಬಿಚ್ಚಿಟ್ಟು ಬನ್ನಿ, ಮನೆಬಟ್ಟೆಯಲ್ಲಿ,
ದುಪಟ್ಟಾ ಸೊಂಟಕ್ಕೆ ಬಿಗಿದು.

ಆಡುಗೋಡಿಯ ಮೈದಾನದಲ್ಲಿ ಇನ್ನೂ ಮಂಜು.
ಗೋಡೆಯಾಚೆ ಬಸ್ಸೊಂದು ಗೇರು ಬದಲಿಸುತ್ತ ಗುರುಗುಟ್ಟುತ್ತಿತ್ತು.
ಗೋಣಿಚೀಲ ತಂದು ನಮ್ಮ ಮುಂದೆ ಸುರಿದರು, ಕಲ್ಲು.
ಕಲ್ಲೆಂದರೆ ಹಳೇ ಸಮವಸ್ತ್ರ ಹರಿದು ಉಂಡೆ ಮಾಡಿ
ಹುರಿ ಬಿಗಿದು ನೀರಲ್ಲಿ ಅದ್ದಿದ್ದು.
ಒಬ್ಬೊಬ್ಬರಿಗೆ ಎರಡು.
ಸಹಿ ಹಾಕಿ ಕಲ್ಲು ಪಡೆದ ಗುಂಪು
ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

ಎದುರಿಗೆ ಗುರಾಣಿಯ ಸಾಲು.
ಗೀರು ಬಿದ್ದ ಹೆಲ್ಮೆಟ್ಟಿನ ಗಾಜಿನ ಹಿಂದೆ
ನಿನ್ನೆ ರಾತ್ರಿ ನನ್ನ ಜಡೆ ಹೆಣೆದ ಹುಲಿಗೆಮ್ಮ,
ಗುರುತೇ ಇಲ್ಲದವಳ ಹಾಗೆ ನೆಟ್ಟಗೆ.

ಮ್ಯಾಜಿಸ್ಟ್ರೇಟರ ಪಾತ್ರ ಕ್ಯಾಂಟೀನಿನ ಸಿದ್ದರಾಜುವಿಗೆ.
ಮೆಗಾಫೋನು ಹಿಡಿದು, ಕೆಮ್ಮಿ, ಚೀಟಿ ನೋಡಿ ಓದಿದ:
'ಇದು ಕಾನೂನುಬಾಹಿರ ಕೂಟ.
ಐದು ನಿಮಿಷದಲ್ಲಿ ಚದುರತಕ್ಕದ್ದು.'
ಆಮೇಲೆ, ಅಭ್ಯಾಸಬಲ, 'ಇಡ್ಲಿ ಆರ್ತಾ ಇದೆ' ಅಂದ.
ಸಾಲಿಗೆ ಸಾಲೇ ನಕ್ಕಿತು; ಗುರಾಣಿಗಳೂ ಅಲುಗಿದವು.

'ನಗಬೇಡಿ. ಜನ ಹೀಗೆ ನಗೋದಿಲ್ಲ.
ಏನಾದರೂ ಕೂಗಿ. ಏನಾದರೂ ಕೇಳಿ.'

ಏನು ಕೇಳೋದು?
ಬೇಕೇ ಬೇಕು ಅಂದಳು ಯಾರೋ. ನ್ಯಾಯ ಬೇಕು ಅಂದೆವು.
ಅದು ನಾಲಿಗೆಗೆ ಹತ್ತಲಿಲ್ಲ,
ಎರವಲು ಸೀರೆಯ ಹಾಗೆ ಜಾರುತ್ತಿತ್ತು.
ಆಗ ಹಿಂದಿನಿಂದ ದಿಲ್‌ಶಾದ್ ನದಾಫ,
ಊಟದ ಸಾಲಿನಲ್ಲೂ ದನಿ ಎತ್ತದವಳು,
'ರಜಾ ಬೇಕು' ಅಂದಳು.

ಒಂದು ಗಳಿಗೆ ಮೈದಾನದಲ್ಲಿ ಬರೀ ಕಾಗೆ.
ಆಮೇಲೆ, ಬೇಕು ಬೇಕು, ರಜಾ ಬೇಕು
ಬಂದೋಬಸ್ತಿನ ಜಾಗದಲ್ಲಿ ಪಾಯಖಾನೆ ಬೇಕು
ಹದಿನಾರು ತಾಸು ನಿಂತ ಕಾಲಿಗೆ ಕುರ್ಚಿ ಬೇಕು
ಸೋರುವ ಕ್ವಾರ್ಟರ್ಸಿಗೆ ಸಿಮೆಂಟು
ಮಗಳ ಮೊದಲ ಹಲ್ಲು ಫೋನಲ್ಲಿ ನೋಡಿದೆನಲ್ಲ, ಅದು, ಅದು ಬೇಕು
ಯಾವುದು ಯಾರ ಬಾಯಿಂದ ಅಂತ ತಿಳಿಯಲಿಲ್ಲ.
ನಾನೂ ಕೂಗಿದೆ. ಏನಂತ ಇಲ್ಲಿ ಬರೆಯೋದಿಲ್ಲ.
ಗಂಟಲು ಹರಿಯಿತು, ಅಷ್ಟು ನಿಜ.
ನೋಡಿದರೆ ಹತ್ತು ಹೆಜ್ಜೆ ಮುಂದೆ ಬಂದಿದ್ದೆವು,
ಯಾರೂ ಹೇಳದೆ.

ಗುರಾಣಿಗಳು ಒಂದಕ್ಕೊಂದು ಅಂಟಿದವು, ಟಕ್, ಪಾಠದಲ್ಲಿದ್ದ ಹಾಗೆ.
ಹಿಂದಿನ ಬಾಯಿಗಳೂ ಅಲುಗುತ್ತಿದ್ದವು
ಸದ್ದಿಲ್ಲದೆ, ಬೇಕು ಅನ್ನುವ ಆಕಾರದಲ್ಲಿ.

ಸಾಹೇಬರು ಸೀಟಿ ಬಾಯಲ್ಲಿಟ್ಟರು. ಊದಲಿಲ್ಲ.
ಎಷ್ಟು ಹೊತ್ತು ಊದಲಿಲ್ಲ ಅಂತ ಆಮೇಲೆ ನಮ್ಮಲ್ಲೇ ಜಗಳ.
ಕೊನೆಗೆ ಊದಿ, 'ಎಸೀರಿ' ಅಂದರು.

ಒದ್ದೆ ಬಟ್ಟೆಯೂ ನೋಯಿಸುತ್ತದೆ, ಸದ್ದು ಕೇಳಿದರೆ ಗೊತ್ತು.
ಒಂದು ಎಸೆದೆ. ಇನ್ನೊಂದಕ್ಕೆ ಕೈ ಎತ್ತಿದೆ;
ಗೀರುಗಾಜಿನ ಹಿಂದೆ ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಳು.
ಲಾಠಿ ಬಂತು, ಸೊಂಟದ ಕೆಳಗೆ, ನಿಯಮದ ಪ್ರಕಾರ,
ಮೆಲ್ಲಗೇ. ಓಡಿದೆವು ನೀರಿನ ಟ್ಯಾಂಕಿನ ಕಡೆ,
ಅಲ್ಲೊಂದು ದಾರಿ ಬಿಟ್ಟಿದ್ದರು.
ಓಡಲು ದಾರಿಯಿಲ್ಲದ ಜನ ತಿರುಗಿ ಬೀಳುತ್ತಾರೆ,
ಮೊದಲ ದಿನದ ಪಾಠ.

ಇಡ್ಲಿ ಆರಿಯೇ ಹೋಗಿತ್ತು.
ಕಲ್ಲು ಎಣಿಸಿ ಚೀಲಕ್ಕೆ ಹಾಕಿದರು. ಒಂದು ಕಡಿಮೆ.
ಎರಡು ಸಲ ಮೈದಾನ ಹುಡುಕಿಸಿ, ರಿಜಿಸ್ಟರಿನಲ್ಲಿ
'ಬಟ್ಟೆ ಉಂಡೆ, ಒಂದು, ಕಾಣೆ' ಎಂದು ಬರೆದರು.
ರಾತ್ರಿ ಜಡೆ ಬಿಚ್ಚುತ್ತ ಹುಲಿಗೆಮ್ಮ,
'ಎರಡನೇದು ಯಾಕ ಒಗೀಲಿಲ್ಲಬೇ?'
ಸಿಕ್ಕು ಬಿಡಿಸು ಅಂದೆ.

ಹನ್ನೆರಡು ದಿನಕ್ಕೆ ಫ್ರೀಡಂ ಪಾರ್ಕು.
ಹಾಸ್ಟೆಲುಗಳ ಅಡುಗೆ ಹೆಂಗಸರು, ಸಂಬಳ ಬಾರದ ಐದನೇ ತಿಂಗಳು.
ಈಗ ಅವರು ಜನ. ಗಾಜು ನನ್ನ ಮುಖದ ಮೇಲೆ.
ಬ್ಯಾರಿಕೇಡಿನಾಚೆ ಒಬ್ಬಳು, ನನ್ನಷ್ಟೇ ವಯಸ್ಸು,
ಮೊಣಕೈಯಲ್ಲಿ ಎಣ್ಣೆ ಸಿಡಿದ ಕಲೆ, ಮುಷ್ಟಿ ಬಿಗಿ.
ಬಸ್ಸಿನ ಚಿಲ್ಲರೆಯೋ, ತಲೆನೋವಿನ ಮಾತ್ರೆಯೋ, ಬೇರೇನೋ.
ಮುಖ ಅಲ್ಲ, ಕೈ ನೋಡಿ, ಅಂತಲೇ ನಿಯಮ.
ನಾನು ಮುಖ ನೋಡಿದೆ.
ಅವಳು ಬೇಕು ಅಂದಾಗೆಲ್ಲ
ನನ್ನ ತುಟಿಗೊಂದು ಅಭ್ಯಾಸ ಬಂದುಬಿಟ್ಟಿತ್ತು.

ಜೇಬಿನಲ್ಲಿ ಅದು ಇತ್ತು,
ಒಣಗಿ, ಹಗುರಾಗಿ.