ಆಕ್ಷೇಪಣೆಗೆ ಮೂವತ್ತು ದಿನ

ಹಳದಿ ಅಂದರೆ ಮನೆ. ನೀಲಿ, ಅಂಗಡಿ ಸಾಲು.
ನೇರಳೆ ಕಾರ್ಖಾನೆಗೆ. ಹಸಿರು
ಯಾವಾಗಲೂ ಕೊನೆಗೆ, ಉಳಿದ ಮೂಲೆಗೆ.
ಹತ್ತೊಂಬತ್ತು ವರ್ಷ ಪ್ರಾಧಿಕಾರದ ಎರಡನೇ ಮಹಡಿಯಲ್ಲಿ ಕೂತು
ಮೈಸೂರಿಗೆ ಬಣ್ಣ ತುಂಬಿದವಳು ನಾನು.
ಮೊದಲು ಟ್ರೇಸಿಂಗ್ ಹಾಳೆಯ ಮೇಲೆ, ತಪ್ಪಿದರೆ ಬ್ಲೇಡಿನಲ್ಲಿ ಕೆರೆದು,
ಈಗ ಮೌಸು ಒತ್ತಿ.
ಕೆರೆದ ಗುರುತು ಈಗ ಉಳಿಯುವುದಿಲ್ಲ.

ಈ ಸಲ ಬಂದದ್ದು ಹೊಸ ಹೆಸರು:
ಸುಸ್ಥಿರ ನಾವೀನ್ಯತಾ ವಲಯ.
ಹೂಟಗಳ್ಳಿಯ ಆಚೆ, ಮುನ್ನೂರ ಹನ್ನೆರಡು ಎಕರೆ.
ಇದ್ದ ಬಣ್ಣ ಯಾವುದೂ ಒಪ್ಪಲಿಲ್ಲ.
"ನೀವೇ ಒಂದು ಆರಿಸಿ ಮೇಡಂ" ಅಂದ ಸಲಹೆಗಾರರ ಕಡೆಯ ಹುಡುಗ.
ಆರಿಸಿದೆ, ಕನಕಾಂಬರ.
ಮುಡಿದರೆ ವಾಸನೆಯಿಲ್ಲ, ಬೇಗ ಬಾಡುವುದೂ ಇಲ್ಲ.
ಸರ್ಕಾರಿ ಯೋಜನೆಗೆ ಸರಿಹೋದೀತು.

ಆಮೇಲೆ ಕೈವಾರ.
ಬಸ್ ನಿಲ್ದಾಣದ ಮೇಲೆ ಮುಳ್ಳೂರಿ
ನಾನೂರು ಮೀಟರಿನ ಒಂದು ವೃತ್ತ:
ಐದು ನಿಮಿಷದ ನಡಿಗೆ.
ಒಳಗೆ ಬಂದವರಿಗೆ ಕಾರು ಬೇಡ, ಗಾಳಿಗೆ ಹೊಗೆ ಬೇಡ,
ಎನ್ನುತ್ತದೆ ನೀತಿಯ ಕರಡು, ಪುಟ ಹದಿನೇಳು.
ಚಂದದ ಪುಟ. ಎರಡು ಸಲ ಓದಿದೆ.
ಅಡಿಯಲ್ಲಿ ಪಾಲುದಾರರ ಪಟ್ಟಿ:
ಹೂಡಿಕೆದಾರರು, ಸಂಶೋಧಕರು, ಇತರರು.

ಇತರರು ಬಂದರು ಅಹವಾಲು ಸಭೆಗೆ,
ಸಮುದಾಯ ಭವನಕ್ಕೆ. ಹಿಂದಿನ ದಿನದ ಮದುವೆಯ
ಬಾಳೆಕಂಬ ಇನ್ನೂ ಕಟ್ಟಿಯೇ ಇತ್ತು.
ಲೇತ್ ಜಬೀವುಲ್ಲಾ ಎದ್ದ.
ಜೇಬಿನಿಂದ ಒಂದು ಹಿತ್ತಾಳೆ ಬುಷ್ ತೆಗೆದು ನಕ್ಷೆಯ ಮೇಲಿಟ್ಟ.
"ರೇಷ್ಮೆ ಮಗ್ಗದ್ದು. ಜರ್ಮನಿಯೋರು ಮಾಡೋದು ನಿಲ್ಸಿ ಎಂಟು ವರ್ಷ.
ನನ್ ಶೆಡ್ಡಲ್ಲಿ ಮೂರು ದಿನಕ್ಕೆ ಆಯ್ತು.
ಇದು ಯಾವ ಬಣ್ಣ ಸಾರ್?"
ಅವನ ಶೆಡ್ಡಿದ್ದ ಜಾಗ ನಕ್ಷೆಯಲ್ಲಿ ಹಸಿರು.
ನಾನೇ ತುಂಬಿದ್ದು.
ಬುಷ್ಷಿನ ಎಣ್ಣೆ ಹಾಳೆಗೆ ಹತ್ತಿ ಅಲ್ಲೊಂದು ಉಂಗುರ ಮೂಡಿತು.
ನೋಟ್ ಮಾಡಿಕೊಳ್ಳಿ, ಅಂದರು ಸಾಹೇಬರು.

ಆಮೇಲೆ ಚಿಕ್ಕತಾಯಮ್ಮ. ಪಾಳಿಯವರಿಗೆ ಊಟ ಹೊರುವವಳು,
ಬುಟ್ಟಿಯಲ್ಲಿ ಇಪ್ಪತ್ತಾರು ಡಬ್ಬಿ, ಕೈಯಲ್ಲಿ ಮಜ್ಜಿಗೆ ಕ್ಯಾನು.
"ಐದು ನಿಮ್ಷ ಅಂತ ಬರ್ದಿದೀರಲ್ಲ,
ಯಾರ ಕಾಲಿನ ಲೆಕ್ಕ ಅದು?"
ಸಭೆ ನಕ್ಕಿತು. ನಾನೂ ನಕ್ಕೆ.
ಮನೆಗೆ ಬರುವಾಗ ಆ ನಗು
ಯಾವುದೋ ಸ್ಟಾಪಿನಲ್ಲಿ ಇಳಿದುಹೋಗಿತ್ತು.

ಭಾನುವಾರ ಹೋದೆ, ಎರಡು ಚೀಲಕ್ಕೆ ಹಳೆಯ ಕಡತ ತುಂಬಿಕೊಂಡು.
ತೂಕಕ್ಕೆ ಬೇರೇನೂ ಸಿಗಲಿಲ್ಲ.
ಮೊದಲು ಚರಂಡಿ, ದಾಟಲು ಒಂದೇ ಚಪ್ಪಡಿ, ಅದೂ ಅಲ್ಲಾಡುವುದು.
ಆಮೇಲೆ ಗೋಡೆ. ತಲೆಗೆ ಗಾಜಿನ ಚೂರು ಮೆತ್ತಿಕೊಂಡು
ಬಲಕ್ಕೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ.
ಒಂದೇ ಒಂದು ಹೊಂಗೆ. ಅದರಡಿ ನಿಂತು ಕೈ ಬದಲಿಸಿದೆ.
ಹದಿನಾಲ್ಕು ನಿಮಿಷ.
ಕೈವಾರಕ್ಕೆ ಗೋಡೆ ಗೊತ್ತಿಲ್ಲ, ಬಿಸಿಲು ಗೊತ್ತಿಲ್ಲ,
ತಲೆಯ ಮೇಲೆ ಸಾರು ತುಳುಕುವುದು ಗೊತ್ತಿಲ್ಲ.

ನೌಕರಿಯವಳು ನಾನು, ಆಕ್ಷೇಪಣೆ ಸಲ್ಲಿಸುವಂತಿಲ್ಲ.
ಗೆರೆ ಎಳೆಯಬಹುದು. ಅದಕ್ಕೇ ತಾನೆ ಸಂಬಳ?
ಗೋಡೆಯ ನಡುವೆ ಒಂದು ಬಾಯಿ ಬಿಡಿಸಿದೆ,
ಅಲ್ಲಿಂದ ಚುಕ್ಕಿಗೆರೆ: ಕಾಲುದಾರಿ.
ಹೊಂಗೆಗೊಂದು ಸೊನ್ನೆ.
ಶೆಡ್ಡಿನ ಹಸಿರು ಅಳಿಸಿ ಕನಕಾಂಬರ.
ಬ್ಲೇಡಿಲ್ಲದಿದ್ದರೂ ಬೆರಳು ಹಳೆಯ ಹಾಗೇ ಬಾಗಿತು.
ಟಿಪ್ಪಣಿ ಅಂಕಣದಲ್ಲಿ ಬರೆದೆ: ಸ್ಥಳ ಪರಿಶೀಲನೆಯಂತೆ.
ಸುಳ್ಳಲ್ಲವಲ್ಲ.

ಕಡತ ಬೆಂಗಳೂರಿಗೆ ಹೋಗಿ, ಮಳೆಗಾಲ ಕಳೆದು ಬಂತು.
ಶೆಡ್ಡಿನ ಮೇಲೆ ಮತ್ತೆ ಹಸಿರು.
ಎಣ್ಣೆಯುಂಗುರದ ಹಾಳೆ ನನ್ನ ಡ್ರಾಯರಿನಲ್ಲಿದೆ,
ಎಸೆಯಲಾಗಿಲ್ಲ, ತೋರಿಸಲೂ ಆಗಿಲ್ಲ.
ಗೋಡೆಯ ಬಾಯಿ ಮಾತ್ರ ಉಳಿದಿದೆ,
ಅಗಲ ಯಾರೋ ತಿದ್ದಿದ್ದಾರೆ: ಎರಡೂವರೆ ಅಡಿ.

ಫೋನು ಮಾಡಿ ಕೇಳಿದೆ, ಬುಟ್ಟಿ ಎಷ್ಟಗಲ?
"ಮೂರಡಿ ಆದಾತು. ಯಾಕವ್ವಾ?"
ಹೇಳಿದೆ.
ಆ ಕಡೆ ಪಾತ್ರೆ ಸದ್ದು, ಕುಕ್ಕರಿನ ಒಂದು ಕೂಗು.
"ಹಂಗಾರೆ ಸಣ್ ಬುಟ್ಟಿ ತಕ್ಕೊಂಡು ಎರಡು ಸಲ ಓಡಾಡ್ತೀನಿ ಬುಡಿ.
ಅದ್ಸರಿ,
ಗೋಡೆ ಒಡೆಯೋದು ಯಾವತ್ತು?"