ಹೆಪ್ಪು

ತಪ್ಪು ನನ್ನದೇ.
ಬಿಸಿ ಜೋಳದ ರೊಟ್ಟಿ ಕಂಡರೆ ಕೈ ತಾನೇ ಮುರಿಯುತ್ತದೆ,
ಹಲ್ಲು ಬಂದಾಗಿನಿಂದ ಬಂದ ರೂಢಿ.
ಮುರಿದೆ. ಎರಡೂ ಹೋಳು ಅವಳ ತಟ್ಟೆಗಿಟ್ಟೆ.

ಇಬ್ಬನಿ ತಟ್ಟೆ ನೋಡಿದಳು, ನನ್ನ ನೋಡಿದಳು.
ಮೊದಲು ಕೆಳತುಟಿ ಹೊರಬಂತು,
ಆಮೇಲೆ ಸದ್ದು.
"ಕೂಡ್ಸು."

ತುಪ್ಪ ಸವರಿ ಕೂಡಿಸಿದೆ, ಜಾರಿತು.
ಸರ್ವಮಂಗಳ ಹೊಸದೊಂದು ತಟ್ಟಿ, ಕೆಂಡದ ಮೇಲೆ ಉಬ್ಬಿಸಿ
ಒಂದು ಕಲೆಯೂ ಇಲ್ಲದ್ದನ್ನು ತಂದಿಟ್ಟಳು.
"ಇದಲ್ಲ. ಅದು."
ಅದು ಅಂದರೆ ಮುರಿಯುವ ಮೊದಲಿನದು.

ಹೊಂಡದ ಸರ್ಕಲ್ಲಿನ ಹತ್ತಿರ ನನ್ನ ಅಂಗಡಿ.
ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ,
ಏನು ತಂದರೂ ಆಗಲ್ಲ ಅಂದವನಲ್ಲ ನಾನು.

"ಹೆಸರಿಟ್ಟಿದ್ದೇ ಇಬ್ಬನಿ ಅಂತ," ಅನ್ನುತ್ತಾಳೆ ನಮ್ಮವ್ವ,
"ಹೊತ್ತು ಹುಟ್ಟೋಕೆ ಮುಂಚೆ ಮನೆ ಒದ್ದೆಯಾಗದೆ ಇನ್ನೇನಾದೀತು."

ಮೊನ್ನೆ ಅತ್ತದ್ದು ಗ್ಯಾಸ್ ಸಿಲಿಂಡರಿಗೆ.
ಖಾಲಿಯಾದದ್ದನ್ನು ಹುಡುಗ ಠಣಠಣ ಉರುಳಿಸಿಕೊಂಡು
ಗೇಟು ದಾಟಿಸುವಾಗ ಸರಳು ಹಿಡಿದು ನಿಂತಳು:
"ಇಷ್ಟು ದಿನ ನಮ್ಮನೇಲೇ ಇತ್ತಲ್ಲಪ್ಪಾ..."
ಟಾಟಾ ಮಾಡಿದಳು.
ತನಗೇ ಅಂದುಕೊಂಡು ಆ ಹುಡುಗ ಕೈಯೆತ್ತಿದ.
ಮೊಣಕಾಲು ತರಚಿ ರಕ್ತ ಬಂದ ದಿನ ಮಾತ್ರ ಅಳಲಿಲ್ಲ,
ಇದೆಲ್ಲಿತ್ತು ಇಷ್ಟು ದಿನ ಅನ್ನುವ ಹಾಗೆ
ನೋಡುತ್ತ ಕೂತಿದ್ದಳು.

ಪಕ್ಕದ ಮನೆಯ ಹಾಲಮ್ಮ, "ದೃಷ್ಟಿ ಆಗೈತಿ,
ಉಪ್ಪು ಮೆಣಸಿನಕಾಯಿ ನಿವಾಳಿಸ್ರಿ" ಅಂದರು.
ನಿವಾಳಿಸಿ ಒಲೆಗೆ ಹಾಕಿದೆವು. ಆ ಘಾಟಿಗೆ
ಇಡೀ ಮನೆ ಅತ್ತಿತು, ಹಾಲಮ್ಮನೂ ಸೇರಿ,
ಅವಳೊಬ್ಬಳನ್ನು ಬಿಟ್ಟು.

ಇವತ್ತು ರೊಟ್ಟಿ.
ಹೊತ್ತಾಗಿತ್ತು. ಶಟರ್ ಎತ್ತಬೇಕಿತ್ತು. ಒದರಿಬಿಟ್ಟೆ,
"ಬಾಯ್ಮುಚ್ಚು!"
ಮುಚ್ಚಿಕೊಂಡಳು. ಎರಡೂ ಕೈಲಿ.
ಬಾಯಿಂದ ಬರದ ಬಿಕ್ಕು ಭುಜಗಳಲ್ಲಿ ಎದ್ದು ಎದ್ದು ಬೀಳುತ್ತಿತ್ತು.
ಸ್ಕೂಲಿನ ಆಟೋ ಹಾರ್ನ್ ಹೊಡೆಯಿತು,
ಹಾಗೇ ಹತ್ತಿ ಹೋದಳು.
ಸಿಲಿಂಡರಿಗೆ ಸಿಕ್ಕ ಟಾಟಾ ನನಗೆ ಸಿಗಲಿಲ್ಲ.

ಅಂಗಡಿಗೆ ಮೊದಲ ಗಿರಾಕಿ ನಿಟ್ಟುವಳ್ಳಿಯ ಹೆಂಗಸು,
ಬಟ್ಟೆಯ ಚೀಲದಲ್ಲಿ ಮಿಕ್ಸಿ.
"ಶೇಂಗಾ ಚಟ್ನಿಪುಡಿ ಮಾಡ್ತಿದ್ದೆ, ನಡುವೆ ನಿಂತೇ ಹೋತು ನೋಡ್ರಿ."
ಬೋರಲು ಹಾಕಿ ಕೆಂಪು ಗುಂಡಿ ತೋರಿಸಿದೆ.
ದಿನಕ್ಕೆ ನಾಕು ಸಲ ಹೇಳುವ ಮಾತು:
"ಕೆಟ್ಟಿಲ್ಲಮ್ಮ. ಬಿಸಿ ತಡೀಲಾರದೆ ತಾನೇ ನಿಂತೈತಿ.
ನಿಲ್ಲದಿದ್ರೆ ಒಳಗೆ ಕಾಯಿಲ್ ಸುಟ್ಟು ಹೋಗೋದು.
ತಣ್ಣಗಾಗಲಿ, ಆಮೇಲೆ ಒತ್ತಿ."
"ಎಷ್ಟು ಕೊಡ್ಲಿ?"
"ಇದಕ್ಕೇನು ತಗೊಳ್ಳೋದು."
ಅವರು ಹೋದರು.
ನಾನು ಸ್ಕ್ರೂಡ್ರೈವರ್ ಹಿಡಿದು
ಯಾಕೆ ಹಿಡಿದೆನೆಂದು ತಿಳಿಯದೆ ಕೂತೆ.

ರಾತ್ರಿ ಮನೆಗೆ ಬರುವಷ್ಟರಲ್ಲಿ ಮಲಗಿದ್ದಳು.
ಅಡುಗೆಕಟ್ಟೆಯ ಮೇಲೆ ತಟ್ಟೆ, ಅದರ ಮೇಲೆ ಬೋರಲು ಬೋಗುಣಿ.
ಕೈ ಚಾಚಿದೆ.
"ತೆಗೀಬೇಡಿ," ಸರ್ವಮಂಗಳ ಪಿಸುಗುಟ್ಟಿದಳು,
"ಹೆಪ್ಪು ಹಾಕಿದಾಳೆ."
ಎರಡು ಹೋಳನ್ನೂ ತಾಗಿಸಿಟ್ಟು
ನಡುವಿನ ಸಂದಿಗೆ ಒಂದು ಚಮಚ ಮೊಸರು.
ಬೆಳಗ್ಗೆ ಹೊತ್ತಿಗೆ ಕೂಡಿಕೊಂಡಿರುತ್ತದಂತೆ.
ಅಜ್ಜಿ ಹೇಳಿದ್ದಾಳಲ್ಲ, ರಾತ್ರಿ ಅಲ್ಲಾಡಿಸಬಾರದಂತೆ.

ನಕ್ಕೆವು. ಆಮೇಲೆ ನಗಲಿಲ್ಲ.

ಎರಡು ಗಂಟೆಗೆ ನೀರು ಕುಡಿಯಲು ಎದ್ದೆ.
ಗ್ಯಾಸ್ ಒಲೆಯ ಹಿಂದಿನಿಂದ ತಟ್ಟೆಯತ್ತ
ಇರುವೆ ಸಾಲು ಹೊರಟಿತ್ತು.
ಅಗಲ ಪಾತ್ರೆಗೆ ನೀರು ಹೊಯ್ದೆ,
ಮಧ್ಯೆ ಲೋಟ ಕವುಚಿಟ್ಟೆ.
ದೀಪ ಹಾಕದೆ, ಉಸಿರು ಬಿಗಿಹಿಡಿದು
ತಟ್ಟೆಯನ್ನು ಅದರ ಮೇಲೆ ಇಳಿಸಿದೆ,
ಎರಡೂ ಕೈಲಿ,
ಅಲ್ಲಾಡದ ಹಾಗೆ.